ಬಗ್ಗದ ಬಾಣಗಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯವರು ಊರೆಲ್ಲ ಸಾರಿದ್ದಾರೆ. ಅವರು ಬಸ್ ಕಂಡಕ್ಟರು, ಸಾರುವುದೇ ಕಸುಬು. ಸುಳ್ಳೇನಲ್ಲ ಬಿಡಿ. ಭುಜದ ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದ ತಿಂಗಳುಗಳಲ್ಲಂತೂ ಚಹಾ ಸುಟ್ಟರೆ ಯಾಕೆ ಸುಟ್ಟಿತು, ಆರಿದರೆ ಯಾಕೆ ಆರಿತು ಎಂದು ಗೋಡೆಯ ಜೊತೆಗೂ ಜಗಳ ಆಡಿದ್ದೇನೆ. ಪಾಪ, ಇವರು ರಜೆ ಇದ್ದ ದಿನವೂ ಡ್ಯೂಟಿ ಇದೆ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋಗಿಬಿಡುತ್ತಿದ್ದರು.

ನಾನು ಟೈಲರ್. ಅಂಗಡಿಯ ಅಟ್ಟದ ಮೇಲಿಂದ ಬಟ್ಟೆಯ ಥಾನು ಇಳಿಸಲು ಹೋಗಿ, ಸ್ಟೂಲು ಜಾರಿ, ಬಲಭುಜದ ಮೇಲೆ ಬಿದ್ದೆ. ಕತ್ತರಿ, ಮಷೀನು ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಭುಜ ಪೂರ್ತಿ ವಾಸಿಯಾಗುವುದಿಲ್ಲ, ಬಿಲ್ಲು ಮಾತ್ರ ಇನ್ನು ಬೇಡ ಎಂದರು. ಅಷ್ಟು ಹೇಳಿ ಮುಂದಿನ ಪೇಷಂಟನ್ನು ಕರೆದರು.

ಟೈಲರಿಗೆ ಬಿಲ್ಲು ಯಾಕೆ ಎಂದು ಕೇಳುವವರು ಬಹಳ ಜನ. ನನ್ನ ಅಂಗಡಿಯ ಹಿಂದೆ, ಬಸ್ ಡಿಪೋದ ಗೋಡೆಗೆ ಒತ್ತಿಕೊಂಡು ಉದ್ದನೆಯ ಖಾಲಿ ಜಾಗವಿದೆ. ಅಲ್ಲಿ ಬಿಲ್ಲುಗಾರಿಕೆಯ ಕ್ಲಬ್ಬು. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಸುಮ್ಮನೆ ನೋಡಲು ಹೋದವಳು ಅಲ್ಲೇ ಉಳಿದುಬಿಟ್ಟೆ. ಬೆಳಗಿನಿಂದ ಸಂಜೆಯವರೆಗೆ ಮಷೀನಿನ ಮೇಲೆ ಕುತ್ತಿಗೆ ಬಗ್ಗಿಸಿ ಕೂರುವವಳು ನಾನು. ಎದೆ ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿ, ದೂರ ಎನ್ನುವುದನ್ನು ಕಣ್ಣಿಟ್ಟು ನೋಡುವುದಕ್ಕೆ ನನಗೆ ಇದ್ದದ್ದು ಅದೊಂದೇ ಜಾಗ. ಅದೂ ಹೋಯಿತು ಎಂದ ಮೇಲೆ ಚಹಾದ ಮೇಲೆ ಸಿಟ್ಟು ಬರದೆ ಇನ್ನೇನು ಬಂದೀತು?

ಇವರ ಅಣ್ಣ, ಅಂದರೆ ನಮ್ಮ ಭಾವ, ಕುರ್ಚಿ ಮಾಡುವವರು. ನಮ್ಮದೇ ಬೀದಿಯ ಕೊನೆಯಲ್ಲಿ ಮನೆ, ಮನೆಯ ಮುಂಭಾಗವೇ ವರ್ಕ್‌ಶಾಪು. ಈ ಸುತ್ತಿನಲ್ಲಿ ಯಾರ ಮನೆಗೆ ಹೋಗಿ ಕೂತರೂ ನಮ್ಮ ಭಾವನ ಕೈಕೆಲಸದ ಮೇಲೇ ಕೂತಿರುತ್ತೀರಿ. ತಮ್ಮನ ಬಾಯಿಗೆ ಬೀಗ ಇಲ್ಲ, ಅಣ್ಣನ ಬಾಯಿಗೆ ಬಾಗಿಲೇ ಇಲ್ಲ. ಒಂದು ಮಾತು ಆಡಿದರೆ ದಂಡ ಕಟ್ಟಬೇಕೇನೋ ಅನ್ನುವ ಹಾಗೆ ಇರುತ್ತಾರೆ. ಅವರಿಗೂ ಆ ವರ್ಷ ಒಳ್ಳೆಯದೇನಲ್ಲ. ಕೈ ನಡುಗಲು ಶುರುವಾಗಿತ್ತು. ಚಹಾದ ಲೋಟ ಹಿಡಿದರೆ ಲೋಟ ಸದ್ದು ಮಾಡುತ್ತಿತ್ತು. ಒಂದು ಕುರ್ಚಿಯ ಕಾಲಿನ ತೂತು ಕೂದಲೆಳೆಯಷ್ಟು ಜಾರಿತಂತೆ. ಗಿರಾಕಿಗೆ ಗೊತ್ತೂ ಆಗಲಿಲ್ಲ. ಭಾವ ಮಾತ್ರ ಮಾರನೆಯ ದಿನದಿಂದ ಹೊಸ ಕೆಲಸ ಒಪ್ಪಿಕೊಳ್ಳುವುದು ಬಿಟ್ಟರು.

ಅಂಥವರು ಒಂದು ಮಧ್ಯಾಹ್ನ ಕೈಯಲ್ಲಿ ಸ್ಪ್ರಿಂಗ್ ತಕ್ಕಡಿ ಹಿಡಿದು ನಮ್ಮ ಅಡುಗೆಮನೆಗೆ ಬಂದರು. ತಕ್ಕಡಿಯ ಒಂದು ಕೊಕ್ಕೆಯನ್ನು ಕಿಟಕಿಯ ಸರಳಿಗೆ ಹಾಕಿ, ಇನ್ನೊಂದಕ್ಕೆ ಹಗ್ಗ ಕಟ್ಟಿ ನನ್ನ ಕೈಗೆ ಕೊಟ್ಟರು.

"ಎಳಿಯಮ್ಮ" ಎಂದರು.

ಎಳೆದೆ. ಬಿಲ್ಲು ಎಳೆಯುವ ಹಾಗೆಯೇ, ಗಲ್ಲದವರೆಗೆ. "ಇನ್ನೂ ಆಗುತ್ತೆ ಭಾವ" ಎಂದೆ.

"ಸಾಕು, ಬಿಡು. ನಿನ್ನ ಬಾಯಿ ಆಗುತ್ತೆ ಅಂತು, ಹುಬ್ಬು ಆಗಲ್ಲ ಅಂತು. ನಾನು ಹುಬ್ಬಿನ ಮಾತು ತಗೊಂಡೆ" ಎಂದು ತಕ್ಕಡಿಯ ಮುಳ್ಳು ನಿಂತ ಜಾಗ ನೋಡಿಕೊಂಡು ಹೊರಟರು. ಅಷ್ಟು ದೊಡ್ಡ ಮಾತನ್ನು ಅವರು ನನ್ನ ಜೊತೆ ಆಡಿದ್ದು ಅದೇ ಮೊದಲು.

ಆಮೇಲೆ ತಿಳಿಯಿತು, ನನಗೆ ಬಿಲ್ಲು ಮಾಡುತ್ತಿದ್ದಾರೆ ಎಂದು. ಕ್ಲಬ್ಬಿನ ಲೋಹದ ಬಿಲ್ಲುಗಳಲ್ಲಿ ನನ್ನ ಭುಜಕ್ಕೆ ಆಗುವಷ್ಟು ಹಗುರದ್ದು ಸಿಗುವುದಿಲ್ಲ, ಸಿಕ್ಕರೂ ಮಕ್ಕಳದ್ದು. ಭಾವನ ಹತ್ತಿರ ಒಂದು ಹಲಗೆ ಇತ್ತು. ತೂಗುಕುರ್ಚಿ ಮಾಡಬೇಕೆಂದು ಎಷ್ಟೋ ವರ್ಷದಿಂದ ನೆರಳಿನಲ್ಲಿ ಒಣಗಿಸಿಟ್ಟಿದ್ದು. ಗೆರೆ ಈ ತುದಿಯಿಂದ ಆ ತುದಿಯವರೆಗೆ ಬಾಚಣಿಗೆಯಲ್ಲಿ ಬಾಚಿದ ಹಾಗಿತ್ತು. ನನ್ನ ಓರಗಿತ್ತಿ, ಭಾವನ ಹೆಂಡತಿ, ಆ ಹಲಗೆಯನ್ನು ಮುಟ್ಟಿದರೆ ಅವರು ಮೂರು ದಿನ ಮಾತು ಬಿಡುತ್ತಿದ್ದರಂತೆ. "ಬಿಟ್ರೂ ಗೊತ್ತಾಗ್ತಿರಲಿಲ್ಲ ಬಿಡು" ಎನ್ನುತ್ತಾಳೆ ಅವಳು. ಆ ಹಲಗೆಯನ್ನು ನನಗೋಸ್ಕರ ಸೀಳಿದರು.

ಬಿಲ್ಲು ಕೈಗೆ ಬಂದ ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎರಡು ಬೆರಳು ಜೋಡಿಸಿದಷ್ಟು ದಪ್ಪದ ಹಿಡಿ, ಅದರ ಮೇಲೂ ಕೆಳಗೂ ಸಣ್ಣಗಾಗುತ್ತ ಹೋಗುವ ಎರಡು ತೋಳುಗಳು. ಹೆದೆ ಎಳೆದರೆ ಎರಡೂ ಒಂದೇ ಸಮ ಬಾಗುತ್ತಿದ್ದವು. ಭುಜ ಚಕಾರ ಎತ್ತಲಿಲ್ಲ. ಬಾಣಗಳನ್ನೂ ಅವರೇ ಮಾಡಿದ್ದರು. ಒಂದು ಕಟ್ಟು ಕಡ್ಡಿಯನ್ನು ದುಂಡಗೆ ಹೆರೆದು, ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಚೂರೂ ಬಗ್ಗದ ಗಟ್ಟಿ ಕಡ್ಡಿಗಳನ್ನು ಮಾತ್ರ ಆರಿಸಿ ಗರಿ ಅಂಟಿಸಿದ್ದರು. ಬಗ್ಗುವ ಕಡ್ಡಿಗಳನ್ನು ಬೇರೆ ಕಟ್ಟಿ, "ನಿನ್ನ ಅಂಗಡೀಲಿ ಬಟ್ಟೆ ನೇತುಹಾಕೋಕೆ ಆಗುತ್ತೆ" ಎಂದು ಅದನ್ನೂ ಕೊಟ್ಟರು. ಮನೆಯವರಿಗೆ ಮನೆಯವರು ಥ್ಯಾಂಕ್ಸ್ ಹೇಳುವ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲ. ಹೊಟ್ಟೆಯಲ್ಲಿ ಅಷ್ಟು ತುಂಬಿಕೊಂಡು ಬಾಯಲ್ಲಿ "ಊಟ ಮಾಡ್ಕೊಂಡು ಹೋಗಿ ಭಾವ" ಎಂದೆ.

ಅವರು ಹೋದ ಮೇಲೆ ಇವರು ಹೇಳಿದರು. "ಅಣ್ಣ ಒಂದು ತೀರ್ಮಾನ ಮಾಡಿದಾನೆ ಕಣೇ. ಈ ಬಿಲ್ಲು ಸರಿಯಾಗಿ ಬಂದಿದ್ರೆ ಕೈಯಲ್ಲಿ ಇನ್ನೂ ಕಸುಬಿದೆ ಅಂತ ಅರ್ಥ. ಬಂದಿಲ್ಲ ಅಂದ್ರೆ ವರ್ಕ್‌ಶಾಪು ಆ ನೀರಿನ ಕ್ಯಾನಿನವನಿಗೆ. ಅವನು ಗೋಡೌನ್ ಮಾಡ್ಕೋತೀನಿ ಅಂತ ಆಗಲೇ ದುಂಬಾಲು ಬಿದ್ದಿದಾನೆ."

"ಅಷ್ಟು ಭಾರ ನನ್ನ ಭುಜದ ಮೇಲೆ ಯಾಕ್ರೀ ಹಾಕಿದ್ರು? ಅದೇ ಮುರಿದಿರೋ ಭುಜ!" ಎಂದೆ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಮೈದಾನಕ್ಕೆ ಹೋದೆವು. ಭಾವ ಬೆಂಚಿನ ಮೇಲೆ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಮೊದಲ ಬಾಣ ಎಡಕ್ಕೆ ಹೋಯಿತು. ಎರಡನೆಯದೂ ಎಡಕ್ಕೆ. ಅಭ್ಯಾಸ ತಪ್ಪಿದೆ ಎಂದುಕೊಂಡೆ. ಇನ್ನಷ್ಟು ಬಿಟ್ಟೆ, ಎಲ್ಲವೂ ಗುರಿಹಲಗೆಯ ಎಡಗಡೆಯ ಅಂಚಿಗೇ ಹೋಗಿ ಸಾಲಾಗಿ ನಿಂತವು, ಅಲ್ಲಿ ಯಾರೋ ಚಹಾ ಹಂಚುತ್ತಿದ್ದಾರೇನೋ ಎಂಬಂತೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅದರ ಉಲ್ಟಾ. "ಬಿಲ್ಲು ಚಿನ್ನ ಭಾವ, ನನ್ನ ಭುಜವೇ ಡೊಂಕು. ಬಿಡುವಾಗ ಕೈ ಎಳೀತಿದೆ" ಎಂದೆ. ನಿಜವಾಗಿಯೂ ನಾನು ನಂಬಿದ್ದೂ ಅದನ್ನೇ. ಡಾಕ್ಟರು ಹೇಳಿದ್ದು ಸರಿ, ನನ್ನ ಕಥೆ ಮುಗಿಯಿತು ಎಂದು ಒಳಗೊಳಗೆ ಅಳು ಬರುತ್ತಿತ್ತು.

ಭಾವ ಬಿಲ್ಲನ್ನು ಮನೆಗೆ ಒಯ್ದು, ಗಾಜಿನ ಚೂರಿನಲ್ಲಿ ತೋಳುಗಳನ್ನು ಇನ್ನಷ್ಟು ಹೆರೆದು ತಂದರು. ಬಿಲ್ಲು ಇನ್ನೂ ಮೃದುವಾಯಿತು, ಬಾಣ ಇನ್ನೂ ಎಡಕ್ಕೆ ಹೋಯಿತು. ಮತ್ತೆ ಹೆರೆದರು. ಮತ್ತಷ್ಟು ಎಡಕ್ಕೆ. ನಾನು ನನ್ನ ಭುಜವನ್ನು ಬೈಯುವುದು, ಅವರು ತಮ್ಮ ಕೈಯನ್ನು ಬೈದುಕೊಳ್ಳುವುದು. ಇಬ್ಬರೂ ಗಟ್ಟಿಯಾಗಿ ಬೈದುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮರ್ಯಾದಸ್ಥರ ಮನೆ ನೋಡಿ, ಎಲ್ಲ ಮನಸ್ಸಿನಲ್ಲೇ.

ಮೂರನೆಯ ಭಾನುವಾರ ಅವರ ಮುಖ ನೋಡಲಾಗಲಿಲ್ಲ ನನಗೆ. ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದರು. ನಾನು ಒಂದು ಉಪಾಯ ಮಾಡಿದೆ. ಗುರಿಹಲಗೆಯ ಬಲಕ್ಕೆ, ಸ್ವಲ್ಪ ಆಚೆ, ಬೇಲಿಯ ಕಂಬ ಒಂದಿತ್ತು. ಆ ಕಂಬಕ್ಕೆ ಗುರಿಯಿಟ್ಟು ಬಿಟ್ಟೆ. ಬಾಣ ತನ್ನ ಚಾಳಿಯಂತೆ ಎಡಕ್ಕೆ ಹೊರಳಿ ಸೀದಾ ನಡುವಿಗೆ ನೆಟ್ಟಿತು. ಇನ್ನೊಂದು, ಅದೂ ನಡುವಿಗೆ. ಭಾವ ಎದ್ದು ನಿಂತರು. ಅವತ್ತು ಅವರು ದಾರಿಯಲ್ಲಿ ಚಹಾ ಕುಡಿಸಿದರು, ಹೋಟೆಲಿನವನ ಅಲ್ಲಾಡುವ ಟೇಬಲಿಗೆ ಕಾಗದ ಮಡಚಿಟ್ಟು ಸರಿ ಮಾಡಿದರು, "ಹೆರೆದದ್ದು ಕೆಲಸ ಮಾಡ್ತು ನೋಡು" ಎಂದು ತಾವಾಗಿಯೇ ಮಾತು ತೆಗೆದರು. ನನಗೆ ಸಂಕಟವೂ ಆಯಿತು, ಖುಷಿಯೂ ಆಯಿತು. ಒಬ್ಬರ ನೆಮ್ಮದಿಗೆ ಒಂದು ಕಂಬ ಸಾಕಾದರೆ ಆಗಲಿ ಬಿಡು ಎಂದುಕೊಂಡೆ.

ಮುಂದಿನ ವಾರ ಭಾವ ಬೆಂಚಿನಲ್ಲಿ ಕೂರಲಿಲ್ಲ. ಬಂದು ನನ್ನ ಬೆನ್ನ ಹಿಂದೆ ನಿಂತರು. ಕುರ್ಚಿ ಮಾಡುವವರ ಕಣ್ಣು, ಓರೆ ಎನ್ನುವುದು ಎಲ್ಲಿದ್ದರೂ ಕಾಣುತ್ತದೆ.

"ಅಮ್ಮ, ಯಾವುದಕ್ಕೆ ಗುರಿ ಇಟ್ಟೆ?"

"ನಡುವಿಗೇ ಭಾವ."

"ಬಾಣ ಕಂಬ ನೋಡ್ತಿತ್ತು."

ನಾನು ಬಿಲ್ಲು ಕೆಳಗಿಳಿಸಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನನ್ನ ಮನಸ್ಸು ನೋಯಬಾರದು ಅಂತ ಮಾಡಿದ್ದೀಯ. ಗೊತ್ತಾಗುತ್ತೆ" ಎಂದು ನಿಧಾನವಾಗಿ ಮನೆ ಕಡೆ ನಡೆದರು. ಸಂಜೆ ಇವರು ಸುದ್ದಿ ತಂದರು. ನೀರಿನ ಕ್ಯಾನಿನವನಿಗೆ ಮಾತು ಕೊಟ್ಟಾಯಿತಂತೆ, ಬುಧವಾರ ಬಂದು ಕೀಲಿ ತೆಗೆದುಕೊಳ್ಳುತ್ತಾನಂತೆ.

ಸೋಮವಾರ ಅಂಗಡಿ ತೆಗೆದೆ. ಬಿಲ್ಲನ್ನೂ ಬಾಣಗಳನ್ನೂ ಜೊತೆಗೇ ತಂದಿದ್ದೆ. ಸಂಜೆ ಭಾವನ ಮನೆಗೆ ಹೋಗಿ ಕಾಲು ಹಿಡಿದಾದರೂ ತಡೆಯಬೇಕು ಎಂಬ ಯೋಚನೆ, ಆದರೆ ಏನು ಹೇಳಿ ತಡೆಯಬೇಕೋ ಗೊತ್ತಿಲ್ಲ. ತಲೆ ಕೆಟ್ಟು ಮೊಸರಾಗಿತ್ತು. ಅಂಥ ಹೊತ್ತಿನಲ್ಲಿ ಗೋಡೆಯ ಎರಡು ಮೊಳೆಗಳ ಮೇಲೆ ಅಡ್ಡ ಇಟ್ಟಿದ್ದ ಕಡ್ಡಿ ಕಣ್ಣಿಗೆ ಬಿತ್ತು. ಭಾವ ಬೇಡವೆಂದು ತೆಗೆದುಕೊಟ್ಟ ಕಡ್ಡಿ. ಹೊಲಿದಿಟ್ಟ ಶಾಲೆಯ ಯೂನಿಫಾರಂಗಳ ಭಾರಕ್ಕೆ ನಡು ಜೋತುಬಿದ್ದಿತ್ತು.

"ನೀನೊಂದು ಕಡಿಮೆಯಾಗಿದ್ದೆ ಬಗ್ಗೋಕೆ!" ಎಂದು ಅದರ ಮೇಲೆ ರೇಗಿ, ಎಳೆದು ಹಾಕಿ, ಅದರ ಜಾಗದಲ್ಲಿ ಒಂದು ಬಾಣವನ್ನೇ ಇಟ್ಟೆ. ಅದೇ ಯೂನಿಫಾರಂಗಳನ್ನು ನೇತುಹಾಕಿದೆ. ಬಾಣ ಅಳತೆಪಟ್ಟಿಯ ಹಾಗೆ ನೆಟ್ಟಗೆ ನಿಂತಿತು. ನನ್ನ ಕಬ್ಬಿಣದ ಕತ್ತರಿಯನ್ನೂ ನಡುವಿಗೆ ತೂಗುಹಾಕಿದೆ. ಜಪ್ಪಯ್ಯ ಎನ್ನಲಿಲ್ಲ.

ನಾನು ಆ ಬಾಣವನ್ನು ಮೆಚ್ಚಿಕೊಳ್ಳುತ್ತ ನಿಂತಿದ್ದೆ. ಆಮೇಲೆ ಮೆಚ್ಚಿಕೆ ನಿಂತುಹೋಯಿತು. ತೆಳು ಬಟ್ಟೆಗೆ ದಪ್ಪ ಸೂಜಿ ಹಾಕಿ ಹೊಲಿದರೆ ಬಟ್ಟೆ ಸುಕ್ಕಾಗುತ್ತದೆ. ಬಟ್ಟೆ ಒಳ್ಳೆಯದೇ, ಸೂಜಿಯೂ ಒಳ್ಳೆಯದೇ, ಹೊಲಿಯುವ ಕೈಯೂ ಒಳ್ಳೆಯದೇ. ಆದರೂ ಸುಕ್ಕು. ಕೆಲಸ ಕಲಿಯಲು ಬಂದ ಹುಡುಗಿಯರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು.

ಬಿಲ್ಲು ತೆಗೆದುಕೊಂಡೆ. ಬಾಣ ಹೂಡಿ, ಎಳೆದು, ಬಿಡದೆ ಹಾಗೇ ಮೆಲ್ಲಗೆ ವಾಪಸು ತಂದೆ. ಕ್ಲಬ್ಬಿನ ಲೋಹದ ಬಿಲ್ಲಿನಲ್ಲಿ ಹಿಡಿಯ ನಡುವೆಯೇ ಕತ್ತರಿಸಿ ದಾರಿ ಮಾಡಿರುತ್ತಾರೆ, ಬಾಣ ಸೀದಾ ಹೋಗುತ್ತದೆ. ನಮ್ಮ ಮರದ ಬಿಲ್ಲಿಗೆ ಆ ದಾರಿ ಇಲ್ಲ. ಹೆದೆ ಬರುವುದು ನಡುವಿಗೆ, ಬಾಣದ ತಲೆ ಇರುವುದು ಹಿಡಿಯ ಎಡಪಕ್ಕಕ್ಕೆ. ಬಾಲ ಮುಂದೆ ಬಂದ ಹಾಗೆಲ್ಲ ತಲೆ ಎಡಕ್ಕೆ ತಿರುಗುತ್ತಿತ್ತು. ನೇರ ಹೋಗಬೇಕೆಂದರೆ ಬಾಣ ಆ ಹಿಡಿಯನ್ನು ಸುತ್ತುಬಳಸಿ ಹೋಗಬೇಕು, ಅಂದರೆ ಸೊಂಟ ಬಗ್ಗಿಸಬೇಕು. ಸೊಂಟವೇ ಬಗ್ಗದಿದ್ದರೆ ಹಿಡಿಗೆ ಮೈಕೊಟ್ಟು ಎಡಕ್ಕೇ ಹಾರುತ್ತದೆ. ಭಾವ ಬಿಲ್ಲನ್ನು ಹೆರೆದು ಮೆತ್ತಗೆ ಮಾಡಿದಷ್ಟೂ ಬಾಣವನ್ನು ಬಗ್ಗಿಸುವ ಶಕ್ತಿ ಕಡಿಮೆಯಾಗಿ, ಬಾಣ ಇನ್ನಷ್ಟು ಸೆಟೆದುಕೊಂಡಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ನಮ್ಮ ಬಿಲ್ಲು ಬಾಣದ ಸಂಸಾರ ಹಾಗಿತ್ತು.

ಅಷ್ಟರಲ್ಲಿ ಇವರು ಊಟದ ಡಬ್ಬಿ ಹಿಡಿದು ಬಂದರು. ಉಸಿರು ಬಿಡದೆ ಎಲ್ಲ ಹೇಳಿದೆ.

"ಇದಕ್ಕೆ ಇಷ್ಟು ತಲೆ ಕೆಡಿಸ್ಕೊಂಡ್ಯಾ?" ಎಂದರು. "ರಶ್ ಇರೋ ಬಸ್ಸಲ್ಲಿ ಸೆಟೆದು ನಡೆಯೋನು ಕಂಬಕ್ಕೆ ಗುದ್ದಿ ಪಕ್ಕದವರ ತೊಡೆ ಮೇಲೆ ಬೀಳ್ತಾನೆ. ನಾನು ನೋಡು, ಸೊಂಟ ತಿರುಗಿಸಿ ಹಿಂದಿನ ಸೀಟಿನ ತನಕ ಹೋಗಿ ಟಿಕೆಟ್ ಕೊಟ್ಟು ಬರ್ತೀನಿ. ಮೊದಲೇ ನನ್ನ ಕೇಳಬಾರದಿತ್ತಾ?" ಇವತ್ತಿಗೂ ಇದನ್ನು ಕಂಡುಹಿಡಿದದ್ದು ತಾನೇ ಎಂದು ಡಿಪೋದಲ್ಲಿ ಹೇಳಿಕೊಂಡು ಓಡಾಡುತ್ತಾರೆ. ಓಡಾಡಲಿ.

ಯೂನಿಫಾರಂಗಳನ್ನು ಕೌಂಟರಿನ ಮೇಲೆ ಸುರಿದು, ಮೊಳೆಗಳ ಮೇಲಿದ್ದ ಕಡ್ಡಿಗಳನ್ನೆಲ್ಲ ಕಿತ್ತು ಕಟ್ಟಿಕೊಂಡು ಭಾವನ ಮನೆಗೆ ಓಡಿದೆ. ಅವರು ವರ್ಕ್‌ಶಾಪಿನಲ್ಲಿ ಉಳಿಗಳಿಗೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತುತ್ತಿದ್ದರು. ಗೋಡೆಯ ಮೇಲೆ ಉಪಕರಣಗಳು ನೇತಾಡುತ್ತಿದ್ದ ಜಾಗಗಳಲ್ಲಿ ಅವುಗಳ ಆಕಾರದ ಬಿಳಿ ಗುರುತುಗಳು ಮಾತ್ರ ಉಳಿದಿದ್ದವು.

"ಭಾವ, ಇವಕ್ಕೆ ಮೊನೆ ಹಾಕಿಕೊಡಿ. ಗರಿ ಬೇಡ."

"ಅವು ಬಗ್ಗುತ್ವೆ ಕಣಮ್ಮ. ಬೇಡ ಅಂತ ತೆಗೆದಿಟ್ಟಿದ್ದು."

"ಬಗ್ಗಬೇಕು ಭಾವ. ಬಿಲ್ಲಿನ ತಪ್ಪೂ ಅಲ್ಲ, ನನ್ನ ಭುಜದ ತಪ್ಪೂ ಅಲ್ಲ. ಬಿಲ್ಲಿಗೆ ತಕ್ಕ ಹಾಗೆ ಬಾಣ ಬಗ್ಗಬೇಕು, ನೀವು ಆರಿಸಿರೋದೆಲ್ಲ ಕುರ್ಚಿಕಾಲು!"

ಎಲ್ಲ ವಿವರಿಸಿದೆ, ಬಿಲ್ಲು ಹಿಡಿದು ತೋರಿಸಿದೆ. ಅವರು ಬಹಳ ಹೊತ್ತು ಹಿಡಿಯನ್ನೂ ಬಾಣವನ್ನೂ ನೋಡಿದರು. ನಾನು ಮತ್ತೆ ಬಾಯಿ ಹಾಕಿದೆ. "ಅಲ್ಲ ಭಾವ, ಬಿಲ್ಲು ಬಾಗಬೇಕು ಅಂತ ಅಷ್ಟು ನಾಜೂಕಾಗಿ ಹೆರೆದೋರು, ಬಾಣ ಮಾತ್ರ ಯಾಕೆ ಇಷ್ಟು ಸೆಡ್ಡು ಹೊಡೆಯೋದನ್ನ ಆರಿಸಿದ್ರಿ?"

ಅವರು ತಲೆ ಎತ್ತಲಿಲ್ಲ. "ನೀನು ಮದುವೆಯಾಗಿ ಬಂದ ದಿನ ನೆನಪಿದೆಯಾ? ನಾನು ಮಾಡಿದ ಕುರ್ಚಿ."

ನೆನಪಿಲ್ಲದೆ ಏನು! ಹೊಸ ಸೊಸೆ ಕೂರಲಿ ಎಂದು ಹೊಸ ಕುರ್ಚಿ ಹಾಕಿದ್ದರು. ನೆಂಟರಿಷ್ಟರೆಲ್ಲ ನೋಡುತ್ತಿದ್ದ ಹಾಗೇ ಅದರ ಕಾಲು ಬಗ್ಗಿ, ನಾನು ಅಂಗಾತ ಬಿದ್ದು, ಕೈಯಲ್ಲಿದ್ದ ಶರಬತ್ತೆಲ್ಲ ಮಾವನವರ ಮೇಲೆ. ಮನೆಯವರೆಲ್ಲ ಅದನ್ನು ಹೇಳಿಕೊಂಡು ವರ್ಷಗಟ್ಟಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ನಾನಂತೂ ಎಲ್ಲರಿಗಿಂತ ಹೆಚ್ಚು ನಕ್ಕಿದ್ದೇನೆ.

"ಮರ ಇನ್ನೂ ಹಸಿ ಇತ್ತು. ಅವಸರ ಮಾಡಿದೆ" ಎಂದರು ಭಾವ. "ಎಲ್ಲರೂ ನಕ್ಕರು, ನೀನೂ ನಕ್ಕೆ. ನನಗೆ ನಗೋಕೆ ಆಗಲಿಲ್ಲ. ಇನ್ನು ಈ ಹುಡುಗಿಗೆ ನಾನು ಕೊಡೋ ಯಾವುದೂ ಬಗ್ಗಬಾರದು ಅಂತ ಅವತ್ತೇ ಅಂದ್ಕೊಂಡೆ."

ನಮ್ಮ ಮನೆಯ ಮಂಚದ ಕಾಲು, ಮೇಜಿನ ಕಾಲು, ನನ್ನ ಅಂಗಡಿಯ ಕೌಂಟರಿನ ಕಾಲು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಒಂದೊಂದೂ ಆನೆಕಾಲು. ಮನೆ ಬದಲಾಯಿಸುವಾಗ ಹಮಾಲರು ಯಾರಿಗೋ ಶಾಪ ಹಾಕುತ್ತ ಎತ್ತಿದ್ದರು. ಅಣ್ಣನಿಗೆ ಅಂದಾಜು ಇಲ್ಲ ಎಂದು ನಾವು ಗಂಡ ಹೆಂಡತಿ ಆಡಿಕೊಂಡಿದ್ದೆವು. ಇಷ್ಟು ವರ್ಷ ಈ ಮನುಷ್ಯ ಒಂದು ಮಾತೂ ಆಡದೆ, ನಾನು ಬೀಳದ ಹಾಗೆ ಹಿಡಿದುಕೊಂಡೇ ಇದ್ದರು. ನಾನು ನಕ್ಕೆ. ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಓರಗಿತ್ತಿ ಒಳಗಿನಿಂದ ಬಂದು, ನನ್ನನ್ನೂ ತನ್ನ ಗಂಡನನ್ನೂ ನೋಡಿ, "ಏನ್ರೀ ಅಂದ್ರಿ ಅವಳಿಗೆ? ಅಪರೂಪಕ್ಕೆ ಬಾಯಿ ಬಿಟ್ಟು ಅಳಿಸೋದಾ?" ಎಂದು ಅವರ ಮೇಲೆಯೇ ಹರಿಹಾಯ್ದಳು.

ಭಾವ ಗೋಣಿಚೀಲ ಬಿಚ್ಚಿದರು.

ಮೊನೆ ಹಾಕಿದ ಕಡ್ಡಿಗಳನ್ನು ಹಿಡಿದು ಹಿತ್ತಲಿಗೆ ಹೋದೆವು. ಹುಲ್ಲು ತುಂಬಿದ ಚೀಲಗಳನ್ನು ಗೋಡೆಗೆ ಒರಗಿಸಿದೆವು. ಗರಿ ಇದ್ದರೆ ಅದು ಗಾಳಿಯಲ್ಲಿ ಬಾಣದ ತಪ್ಪನ್ನು ಅಷ್ಟಿಷ್ಟು ತಿದ್ದಿ ಮುಚ್ಚಿಹಾಕುತ್ತದೆ. ಗರಿ ಇಲ್ಲದ ಬಾಣ ಹಾಗಲ್ಲ, ತನ್ನ ಬುದ್ಧಿ ಇದ್ದ ಹಾಗೇ ತೋರಿಸುತ್ತದೆ. ಮೊದಲನೆಯ ಕಡ್ಡಿ ಎಲ್ಲಕ್ಕಿಂತ ಬಳುಕುವುದು. ಚೀಲದ ನಡುವಿಗೆ ಗುರಿಯಿಟ್ಟು ಬಿಟ್ಟೆ.

ಅದು ಬಲಕ್ಕೆ ಹೋಯಿತು.

"ಬಲಕ್ಕೆ!" ಎಂದು ನಾನು ಕೂಗಿದೆ. "ಬಲಕ್ಕೆ ಹೋಯ್ತು!" ಎಂದು ಭಾವ ಕೂಗಿದರು. ಗುರಿ ತಪ್ಪಿದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ಓರಗಿತ್ತಿ ಅದುವರೆಗೆ ನೋಡಿರಲಿಲ್ಲವಂತೆ. ನಮಗೆ ಅಷ್ಟು ಸಾಕಾಗಿತ್ತು. ತೀರಾ ಗಟ್ಟಿಯಾದದ್ದು ಎಡಕ್ಕೆ, ತೀರಾ ಮೆತ್ತನೆಯದು ಬಲಕ್ಕೆ. ಹಾಗಾದರೆ ನಡುವೆ ಎಲ್ಲೋ ನಮ್ಮದು ಇದೆ.

ಆಮೇಲಿನದು ಭಾವನ ಕೆಲಸ. ಗೋಡೆಗೆ ಎರಡು ಮೊಳೆ ಹೊಡೆದು, ಕಡ್ಡಿಯನ್ನು ಅಡ್ಡ ಇಟ್ಟು, ನಡುವಿಗೆ ಗೋಂದಿನ ಡಬ್ಬಿ ತೂಗುಹಾಕಿ, ಎಷ್ಟು ಜೋತುಬಿತ್ತು ಎಂದು ಪೆನ್ಸಿಲಿನಲ್ಲಿ ಗೋಡೆಯ ಮೇಲೇ ಗೆರೆ ಹಾಕಿದರು. ಒಂದು ಕಡ್ಡಿ ಗೆರೆ ಹಾಕುವುದು, ನಾನು ಬಿಟ್ಟು ನೋಡುವುದು, ಮತ್ತೊಂದು. ಸ್ವಲ್ಪ ಬಲಕ್ಕೆ ಹೋದದ್ದನ್ನು ತುದಿಯಲ್ಲಿ ಬೆರಳಗಲ ಕತ್ತರಿಸಿದರು, ಗಿಡ್ಡವಾದಷ್ಟೂ ಕಡ್ಡಿ ಬಿಗಿಯಾಗುತ್ತದೆ. ಎಡಕ್ಕೆ ಹೋದದ್ದನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಸಣ್ಣಗೆ ಮಾಡಿದರು. ಅವರು ಉಜ್ಜುವಾಗ ನಾನು ಕೈಯನ್ನೇ ನೋಡುತ್ತಿದ್ದೆ. ಅದು ಅವರಿಗೆ ತಿಳಿಯಿತು.

"ನಡುಗೋ ಕೈಗೆ ಹೇಳಿ ಮಾಡಿಸಿದ ಕೆಲಸ" ಎಂದರು. "ಅರ್ಧ ಉಜ್ಜೋದು ನಾನು, ಅರ್ಧ ತಾನಾಗೇ ಆಗುತ್ತೆ."

ನಮ್ಮ ಭಾವ ತಮಾಷೆ ಮಾಡಿದ್ದು! ಓರಗಿತ್ತಿಯೂ ನಾನೂ ಮುಖ ಮುಖ ನೋಡಿಕೊಂಡೆವು.

ಮಂಗಳವಾರವೂ ಅಂಗಡಿಗೆ ಬೀಗ ಹಾಕಿ ಅಲ್ಲೇ ಇದ್ದೆ. ಬುಧವಾರ ಬೆಳಿಗ್ಗೆ ಒಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಎರಡು ಸಲ ಉಜ್ಜಿ, ಒಂದು ಸಲ ಕತ್ತರಿಸಿದ್ದು. ಹೂಡಿದೆ. ಕಂಬ ಗಿಂಬ ಯಾವುದನ್ನೂ ನೋಡದೆ ನೇರ ನಡುವನ್ನೇ ನೋಡಿ ಬಿಟ್ಟೆ. ಚೀಲದ ನಡುವಿಗೆ ಹೋಗಿ, ಅತ್ತಿತ್ತ ವಾಲದೆ ನೆಟ್ಟಗೆ ನಿಂತಿತು. ಭುಜ ನೋಯಲಿಲ್ಲ, ಕೈ ಎಳೆಯಲಿಲ್ಲ. ಅಷ್ಟು ದಿನ ನಾನು ಬೈದ ನನ್ನ ಭುಜವನ್ನು ಎಡಗೈಯಿಂದ ಸವರಿಕೊಂಡೆ.

ಭಾವ ಚೀಲದ ಹತ್ತಿರ ಹೋಗಿ, ನೆಟ್ಟ ಬಾಣವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಮೇಲಿಂದ ನೋಡಿದರು. ಆಮೇಲೆ ಅಲ್ಲೇ ಹುಲ್ಲಿನ ಚೀಲದ ಮೇಲೆ ಕೂತುಬಿಟ್ಟರು.

ಆಗ ಬೀದಿಯಲ್ಲಿ ವ್ಯಾನಿನ ಹಾರನ್ ಕೇಳಿಸಿತು. ನೀರಿನ ಕ್ಯಾನಿನವನು ಖಾಲಿ ಕ್ಯಾನುಗಳನ್ನೆಲ್ಲ ಹೇರಿಕೊಂಡೇ ಬಂದಿದ್ದ. ನಾವು ಹಿತ್ತಲಿಂದ ಮುಂದಕ್ಕೆ ಬರುವಷ್ಟರಲ್ಲಿ ವರ್ಕ್‌ಶಾಪಿನೊಳಗೆ ನಿಂತು ಎಲ್ಲಿ ಏನು ಜೋಡಿಸಬೇಕು ಎಂದು ಆಗಲೇ ಕಣ್ಣಲ್ಲೇ ಅಳೆಯುತ್ತಿದ್ದ. ನಾನು ಸೆರಗು ಬಿಗಿದು ಜಗಳಕ್ಕೆ ತಯಾರಾದೆ. ಭಾವ ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಕೊಟ್ಟ ಮಾತು ತಪ್ಪಿದವರಲ್ಲ ಅವರು, ಮುಖ ಸಣ್ಣಗಾಗಿತ್ತು.

"ತಪ್ಪು ತಿಳ್ಕೋಬೇಡಪ್ಪ" ಎಂದರು. "ಮಾತು ಕೊಟ್ಟಿದ್ದೆ ನಿಜ. ಆದರೆ ಈಗ ಕೆಲಸ ಬಂದಿದೆ."

"ಯಾರದ್ದು ಯಜಮಾನ್ರೇ?"

"ಇವಳದ್ದು. ಇವಳ ಭುಜಕ್ಕೆ ತಕ್ಕ ಹಾಗೆ ಬಿಲ್ಲು ಮಾಡಬೇಕು. ಭುಜ ಸ್ವಲ್ಪ ಸುಧಾರಿಸಿದ್ರೆ ಇನ್ನು ಸ್ವಲ್ಪ ಗಟ್ಟಿ ಬಿಲ್ಲು. ಬಿಲ್ಲು ಬದಲಾದ್ರೆ ಬಾಣಾನೂ ಬದಲಾಗಬೇಕು."

ಅವನು ನಾಲ್ಕು ಜನರ ಮನೆಬಾಗಿಲು ಕಂಡ ವ್ಯಾಪಾರಿ, ತಾಳ್ಮೆ ಇತ್ತು. "ಆಯ್ತು, ನನಗೇನೂ ಅರ್ಜೆಂಟಿಲ್ಲ. ಅಕ್ಕನ ಭುಜ ಪೂರ್ತಿ ವಾಸಿ ಆಗೋ ತನಕ ತಾನೆ? ಕಾಯ್ತೀನಿ. ಯಾವಾಗ ಆಗುತ್ತಂತೆ?"

"ಪೂರ್ತಿ ವಾಸಿ ಆಗೋದೇ ಇಲ್ಲ ಅಂತ ಡಾಕ್ಟರೇ ಹೇಳಿದಾರೆ" ಎಂದರು ಭಾವ.

ಅವನು ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ. ಆ ಮಾತನ್ನು ನೆನೆದು ತಿಂಗಳುಗಟ್ಟಲೆ ಅತ್ತವಳು ನಾನು. ಅವತ್ತು ಅದನ್ನು ಭಾವನ ಬಾಯಲ್ಲಿ ಕೇಳಿದರೆ ಯಾರೋ ನನ್ನ ಪರವಾಗಿ ಸಹಿ ಹಾಕಿಕೊಟ್ಟ ಹಾಗಿತ್ತು.

ವ್ಯಾನು ತಿರುಗಿಸಿಕೊಂಡು ಅವನು ಹೋದ. ಭಾವ ಹಲಗೆಗಳನ್ನು ನಿಲ್ಲಿಸಿದ್ದ ಮೂಲೆಗೆ ಹೋಗಿ ಒಂದೊಂದನ್ನೇ ತಟ್ಟಿ ನೋಡತೊಡಗಿದರು.

"ಭಾವ" ಎಂದೆ. "ನಮ್ಮ ಮನೇಲಿ ಯಾರೂ ಹೀಗೆಲ್ಲ ಹೇಳಲ್ಲ. ಆದ್ರೂ ಹೇಳ್ತೀನಿ, ಕೇಳಿಸ್ಕೊಳ್ಳಿ. ನೀವು ಮಾಡಿದ ಉಪಕಾರ ನಾನು ಸಾಯೋ ತನಕ ಮರೆಯಲ್ಲ."

ಅವರು ಹಲಗೆಯ ಮೇಲೆ ಬೆರಳಿಟ್ಟುಕೊಂಡೇ ನಿಂತರು. "ನಾನೂ ಅದನ್ನೇ ಹೇಳಬೇಕು ಅಂತ ಮೊನ್ನೆಯಿಂದ ನೋಡ್ತಿದ್ದೆ ಕಣಮ್ಮ" ಎಂದರು. "ನೀನು ಮೊದಲು ಹೇಳಿಬಿಟ್ಟೆ."

ಆಮೇಲೆ ಸ್ಪ್ರಿಂಗ್ ತಕ್ಕಡಿ ತೆಗೆದು, ಕಿಟಕಿಯ ಸರಳಿಗೆ ಕೊಕ್ಕೆ ಹಾಕಿ, ಎಳೆ ಎಂದರು.